ಪ್ರಶ್ನೋತ್ತರ: ಜಾಗ ಬದಲಿಸುವ ಹಾಟ್‌ಸ್ಪಾಟ್, ಜಾರಿದ ಮಣಿ

ಪ್ರಶ್ನೆ: ಮನುಷ್ಯ, ಚಿಂಪಾಂಜಿಗಳ ಡಿಎನ್‌ಎ ಶೇ. 98ಕ್ಕಿಂತ ಹೆಚ್ಚು ಒಂದೇ. ಆದರೂ ಮರುಸಂಯೋಜನೆ ನಡೆಯುವ ಜಾಗಗಳು ಬೇರೆ ಬೇರೆಯಂತೆ, ಯಾಕೆ?
– ಪಿಯು ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ವೀರ್ಯಾಣು, ಅಂಡಾಣು ತಯಾರಾಗುವಾಗ ಅಪ್ಪನಿಂದ ಬಂದ ಮತ್ತು ಅಮ್ಮನಿಂದ ಬಂದ ವರ್ಣತಂತುಗಳು ಜೋಡಿಯಾಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದೇ ಮರುಸಂಯೋಜನೆ. ಇದು ಕಂಡಕಂಡಲ್ಲಿ ಆಗುವುದಿಲ್ಲ. ಒಂದೆರಡು ಸಾವಿರ ಡಿಎನ್‌ಎ ಅಕ್ಷರಗಳಷ್ಟು ಉದ್ದದ ಹಾಟ್‌ಸ್ಪಾಟ್‌ಗಳಲ್ಲೇ ಹೆಚ್ಚು. ಅವಕ್ಕೆ ಗುರುತು ಹಾಕುವುದು ಪಿಆರ್‌ಡಿಎಂ9 ಎಂಬ ಪ್ರೋಟೀನು ಎಂದು ತಿಳಿದದ್ದು 2010ರಲ್ಲಿ. ಅದರ ಬೆರಳಿನಂಥ ಭಾಗಗಳು ಡಿಎನ್‌ಎಯಲ್ಲಿ ತಮಗೆ ಒಗ್ಗುವ ಅಕ್ಷರಸಾಲನ್ನು ಹುಡುಕಿ ಹಿಡಿಯುತ್ತವೆ. ಅಲ್ಲೇ ಹತ್ತಿರ ಎಸ್‌ಪಿಒ11 ಎಂಬ ಇನ್ನೊಂದು ಪ್ರೋಟೀನು ಡಿಎನ್‌ಎಯ ಎರಡೂ ಎಳೆ ಕತ್ತರಿಸುತ್ತದೆ.

ಸ್ವಾರಸ್ಯವಿರುವುದು ರಿಪೇರಿಯಲ್ಲಿ. ಕಡಿದ ವರ್ಣತಂತು ಜೊತೆಗಾರನನ್ನು ನಕಲು ಮಾಡಿ ಗಾಯ ತುಂಬಿಕೊಳ್ಳುತ್ತದೆ. ಹಾಗಾಗಿ ಪ್ರೋಟೀನು ಗಟ್ಟಿಯಾಗಿ ಹಿಡಿಯುವ ಸಾಲೇ ಅಳಿಯುತ್ತದೆ, ಹಿಡಿಯದ ಸಾಲು ಉಳಿಯುತ್ತದೆ. ತಲೆಮಾರು ಕಳೆದಂತೆ ಹಾಟ್‌ಸ್ಪಾಟ್ ಸವೆದುಹೋಗುತ್ತದೆ. ಆಗ ಬೆರಳು ಬದಲಾದ ಹೊಸ ಪಿಆರ್‌ಡಿಎಂ9 ಗೆಲ್ಲುತ್ತದೆ, ಬೇರೆ ಜಾಗಗಳಿಗೆ ಗುರುತು ಹಾಕುತ್ತದೆ. ಕವಲೊಡೆದ ಮೇಲೆ ಮನುಷ್ಯ, ಚಿಂಪಾಂಜಿ ಎರಡರಲ್ಲೂ ಈ ಜೀನ್ ಬಲು ಬೇಗ ಬದಲಾಗಿದೆ. ನಾಯಿಯಲ್ಲಿ ಇದು ಕೆಟ್ಟುಹೋಗಿದೆ. ಅದರ ಹಾಟ್‌ಸ್ಪಾಟ್‌ಗಳು ಹೆಚ್ಚಾಗಿ ಜೀನ್ ಶುರುವಾಗುವ ಕಡೆಯೇ ನೆಲೆನಿಂತಿವೆ.

ಪ್ರಶ್ನೆ: ತೋಟಕ್ಕೆ ಬರುವ ಮಂಗಗಳು ಕೆಂಪು ಕಾಫಿ ಹಣ್ಣನ್ನೇ ಆರಿಸಿ ಕೀಳುತ್ತವೆ. ನಮ್ಮನೆ ಹುಡುಗನಿಗೆ ಮಾತ್ರ ಕಾಯಿಗೂ ಹಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ. ಏನು ಕಾರಣ?
– ಬೆಳೆಗಾರರು, ಸಕಲೇಶಪುರ

ಉತ್ತರ: ಕಣ್ಣಿನಲ್ಲಿ ಕೆಂಪು, ಹಸಿರು ಬೆಳಕು ಗುರುತಿಸುವ ಆಪ್ಸಿನ್ ಎಂಬ ಪ್ರೋಟೀನುಗಳ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿ ಅಕ್ಕಪಕ್ಕ ಇವೆ. ನಮ್ಮ ಮತ್ತು ನಿಮ್ಮ ತೋಟದ ಮಂಗಗಳ ಪೂರ್ವಜರಲ್ಲಿ ಒಂದೇ ಜೀನ್ ಎರಡಾಗಿ ಬಂದ ಜೋಡಿ ಇದು. ಇವತ್ತಿಗೂ ತೀರಾ ಒಂದೇ ಥರ. ಆ ಹೋಲಿಕೆಯೇ ತೊಂದರೆ.

ಅಂಡಾಣು ತಯಾರಾಗುವಾಗ ತಾಯಿಯ ಎರಡು ಎಕ್ಸ್‌ಗಳು ಜೋಡಿಯಾಗುವುದನ್ನು ನೆನೆಯಿರಿ: ದಾರವೆಂದರೆ ಎಕ್ಸ್, ಮಣಿಯೆಂದರೆ ಜೀನ್. ಎರಡು ದಾರ ತಗೊಂಡು ಎರಡರಲ್ಲೂ ಮೊದಲು ಕೆಂಪು, ಆಮೇಲೆ ಹಸಿರು ಮಣಿ ಪೋಣಿಸಿ. ಒಂದರ ಹಸಿರು ಇನ್ನೊಂದರ ಕೆಂಪಿಗೆ ಎದುರಾಗುವಂತೆ ಜಾರಿಸಿ. ಎದುರಾದ ಮಣಿಗಳಾಚೆ ಎರಡೂ ದಾರ ಕತ್ತರಿಸಿ, ತುದಿ ಅದಲುಬದಲಾಗಿಸಿ ಗಂಟು ಹಾಕಿ. ಒಂದು ದಾರಕ್ಕೆ ಮೂರು ಮಣಿ, ಇನ್ನೊಂದಕ್ಕೆ ಕೆಂಪು ಒಂದೇ. ಮಣಿಯ ನಡುವೆಯೇ ಕತ್ತರಿ ಬಿದ್ದರೆ ಅರೆ ಕೆಂಪು, ಅರೆ ಹಸಿರಿನ ಬೆರಕೆ ಜೀನ್. ಹೆಣ್ಣುಮಗುವಿಗೆ ಇನ್ನೊಂದು ಎಕ್ಸ್ ಆಸರೆಯಿದೆ. ಹುಡುಗನಿಗೆ ಇರುವುದು ತಾಯಿಯಿಂದ ಬಂದ ಒಂದೇ. ಅದರಲ್ಲಿ ಒಂದು ಮಣಿ ಇಲ್ಲದಿದ್ದರೆ ಅವನಿಗೆ ಕೆಂಪು, ಹಸಿರು ಬೇರೆಯಾಗಿ ಕಾಣುವುದಿಲ್ಲ.

ಕೊಯ್ಲಿಗೆ ಕಳಿಸುವಾಗ ಅವನಿಗೆ ಬಣ್ಣದ ಬದಲು ಒತ್ತಿ ನೋಡಲು ಹೇಳಿಕೊಡಿ. ಹಣ್ಣಾಗಿದ್ದರೆ ಬೀಜ ಸಿಪ್ಪೆಯಿಂದ ಪುಳಕ್ಕನೆ ಹೊರಗೆ ಬರುತ್ತದೆ.