ಪಿನ್ ಸುಟ್ಟಿಲ್ಲ, ಹೊಸ ಬೋರ್ಡ್ ತಗೊಳ್ಬೇಡಿ

ಆರ್ಡುಯಿನೊ ಊನೋ ಎಂಬ ಚಿಕ್ಕ ನಿಯಂತ್ರಣ ಬೋರ್ಡಿನ 9, 10ನೇ ಪಿನ್ನಿನಲ್ಲಿ ಪಿಡಬ್ಲ್ಯುಎಂ (ಬೇಗ ಬೇಗ ಆನ್-ಆಫ್ ಮಾಡಿ ಫ್ಯಾನಿನ ವೇಗದಂಥದ್ದನ್ನು ಹೆಚ್ಚು-ಕಡಿಮೆ ಮಾಡುವ ವಿಧಾನ) ಬರುತ್ತಿಲ್ಲ, ಸುಟ್ಟಿರಬೇಕು, ಇನ್ನೊಂದು ಊನೋ ತಗೊಳ್ಳಲಾ, ಇಎಸ್‌ಪಿ32 ಎಂಬ ಬೇರೆ ಬೋರ್ಡಿಗೆ ಹೋಗಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಕೊನೆಗೆ "ಸರ್ವೋ ಸೇರಿಸಿದ ಮೇಲೆ ಹೀಗಾಯ್ತು" ಅಂತ ಬರೆದಿದ್ದೀರಲ್ಲ (ಸರ್ವೋ ಅಂದರೆ ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು), ವಿಷಯ ಇರುವುದೇ ಅಲ್ಲಿ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಊರ ಕೋಳಿಯ ಮೊಟ್ಟೆ ಮರಿ ಮಾಡಿಸಲು ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇನ್‌ಕ್ಯುಬೇಟರ್ ಕಟ್ಟಿದ್ದೆ. ಬಿಸಿಗೆ ಬಲ್ಬು, ಗಾಳಿಗೆ ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್. ಫ್ಯಾನನ್ನು ಮಾಸ್‌ಫೆಟ್ (ಪಿನ್ನಿನ ಸಂಕೇತ ನೋಡಿ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು) ಮೂಲಕ 9ನೇ ಪಿನ್ನಿಗೆ ಕೊಟ್ಟಿದ್ದೆ. ಜೋರಾಗಿ ತಿರುಗಿದರೆ ಪೆಟ್ಟಿಗೆಯೊಳಗಿನ ತೇವ ಆರಿ ಹೋಗುತ್ತದೆ, ಹಾಗಾಗಿ ಅನಲಾಗ್‌ರೈಟ್‌ನಲ್ಲಿ (ಪಿಡಬ್ಲ್ಯುಎಂ ಎಷ್ಟು ಬೇಕೆಂದು 0ರಿಂದ 255ರೊಳಗೆ ಹೇಳುವ ಆದೇಶ) 120 ಇಟ್ಟಿದ್ದೆ. ಚೆನ್ನಾಗೇ ಓಡುತ್ತಿತ್ತು. ಮೊಟ್ಟೆ ಮಗುಚಲು ಮತ್ತೆ ಮತ್ತೆ ಮುಚ್ಚಳ ತೆಗೆದರೆ ಬಿಸಿ ಹೋಗುತ್ತದಲ್ವಾ, ಅದಕ್ಕೆ ತಟ್ಟೆ ವಾಲಿಸಲು ಒಂದು ಚಿಕ್ಕ ಸರ್ವೋ ಸೇರಿಸಿದೆ. ಅದನ್ನು ಹಾಕಿದ್ದು 6ನೇ ಪಿನ್ನಿಗೆ. ಫ್ಯಾನ್ ನಿಂತಿತು.

255 ಕೊಟ್ಟರೆ ಫ್ಯಾನ್ ಭರ್ರೆಂದು ತಿರುಗುತ್ತದೆ. 0 ಕೊಟ್ಟರೆ ನಿಲ್ಲುತ್ತದೆ. 120 ಕೊಡಿ, 200 ಕೊಡಿ, ಅಲುಗಾಟವೇ ಇಲ್ಲ. ಸರ್ವೋ ಬೇರೆ ಒಮ್ಮೊಮ್ಮೆ ಸುಮ್ನೆ ನಡುಗುತ್ತಿತ್ತು. ಮಾಸ್‌ಫೆಟ್ ಬದಲಾಯಿಸಿದೆ, ಬೆಸುಗೆ ಮತ್ತೆ ಹಾಕಿದೆ, ವಯರನ್ನು 10ಕ್ಕೆ ಹಾಕಿದೆ. ಅಲ್ಲೂ ಅದೇ. ಎರಡೂ ಪಿನ್ ಹೋಗಿವೆ ಅಂತ ತೀರ್ಮಾನಿಸಿ ಮಂಗಳೂರಿನ ಬಸ್ಸು ಹತ್ತಿದೆ. ಅಂಗಡಿಯವರು ಕೇಳಿದರು, "ಹಾಳಾದದ್ದು ಬೋರ್ಡೇ ಅಂತ ಹೇಗೆ ಗೊತ್ತಾಯ್ತು ಮಾರಾಯ್ರೇ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೂ ಬೋರ್ಡ್ ತಂದೆ. ಹೊಸ ಬೋರ್ಡಿನಲ್ಲೂ ಅದೇ ಕಥೆ. ಅಷ್ಟರಲ್ಲಿ ಗಾಳಿಯಾಡದೆ ಬಲ್ಬಿನ ಪಕ್ಕದ ಮೊಟ್ಟೆ ಬೆಂದಂತಾಗಿ, ಮೂಲೆಯವು ತಣ್ಣಗಾಗಿ, ಆ ಸಲದ ಮರಿ ಹೆಚ್ಚಿನವು ಹೊರಗೆ ಬರಲೇ ಇಲ್ಲ.

ನನ್ನ ತಪ್ಪು ಇಷ್ಟೇ: ಪ್ರೋಗ್ರಾಮನ್ನು ಬಿಟ್ಟು ಬರೀ ಪಿನ್ನನ್ನು ಒಮ್ಮೆಯೂ ನೋಡಲಿಲ್ಲ. ಹೊಸ ಬೋರ್ಡಿಗೂ ಅದೇ ಪ್ರೋಗ್ರಾಮ್ ಹಾಕಿದೆ. ಆಗ ಏನು ಪರೀಕ್ಷೆ ಮಾಡಿದ ಹಾಗಾಯ್ತು? ಏನೂ ಇಲ್ಲ. ಸರ್ವೋ ಇರುವುದು 6ರಲ್ಲಿ, ಹಾಗಾಗಿ 9ಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆ. ಸಂಬಂಧ ಇದೆ. ಊನೋದಲ್ಲಿ (ಆರ್3 ಮಾದರಿಯಲ್ಲಿ) ಪಿಡಬ್ಲ್ಯುಎಂ ಬರುವುದು ಮೂರು ಟೈಮರ್‌ಗಳಿಂದ, ಅಂದರೆ ಚಿಪ್ಪಿನೊಳಗೆ ಸಮಯ ಎಣಿಸುವ ಭಾಗಗಳಿಂದ. 5, 6 ಟೈಮರ್ 0ರದ್ದು, 9, 10 ಟೈಮರ್ 1ರದ್ದು, 3, 11 ಟೈಮರ್ 2ರದ್ದು. ಸರ್ವೋ ಲೈಬ್ರರಿ (ಸರ್ವೋ ಓಡಿಸಲು ಪ್ರೋಗ್ರಾಮಿಗೆ ಸೇರಿಸುವ ಸಿದ್ಧ ಕೋಡ್) ತನ್ನ ಲೆಕ್ಕಕ್ಕೆ ಟೈಮರ್ 1ನ್ನೇ ಹಿಡಿದುಕೊಳ್ಳುತ್ತದೆ. ಸರ್ವೋ ವಯರ್ ನೀವು ಯಾವ ಪಿನ್ನಿಗೆ ಚುಚ್ಚಿದರೂ 9, 10ರ ಪಿಡಬ್ಲ್ಯುಎಂ ಹೋಯಿತು. 0 ಮತ್ತು 255ಕ್ಕೆ ಮಾತ್ರ ಅನಲಾಗ್‌ರೈಟ್ ಟೈಮರನ್ನು ಮುಟ್ಟುವುದಿಲ್ಲ, ಡಿಜಿಟಲ್‌ರೈಟ್ (ಪಿನ್ನನ್ನು ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್) ಮಾಡಿಬಿಡುತ್ತದೆ. ಅದಕ್ಕೇ ಅವೆರಡು ಸರಿಯಾಗಿ ಕಾಣುವುದು, ನಮಗೆ ದಾರಿ ತಪ್ಪುವುದು. ನಡುವಿನ ಅಂಕೆ ಕೊಟ್ಟಾಗ ಸರ್ವೋ ಲೆಕ್ಕ ಇಟ್ಟ ರಿಜಿಸ್ಟರಿಗೇ (ಚಿಪ್ಪಿನೊಳಗೆ ಅಂಕೆ ಇಡುವ ಜಾಗಕ್ಕೇ) ಕೈ ಹಾಕಿದ ಹಾಗಾಗುತ್ತದೆ. ಸರ್ವೋ ನಡುಗಿದ್ದು ಅದಕ್ಕೆ.

ಈಗ ನೀವು ಮಾಡಬೇಕಾದ್ದು. ಎಲ್ಲ ವಯರ್ ಕಳಚಿ. ಯಾವ ಲೈಬ್ರರಿಯೂ ಇಲ್ಲದೆ 9ಕ್ಕೆ ಅನಲಾಗ್‌ರೈಟ್ 127 ಬರೆದು ಅಪ್‌ಲೋಡ್ ಮಾಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಪಿನ್ನಿಗೂ ಗ್ರೌಂಡಿಗೂ ಹಿಡಿಯಿರಿ. ಸುಮಾರು 2.5 ವೋಲ್ಟ್ ಬಂದರೆ ಪಿನ್ ಜೀವಂತ ಇದೆ. ಏನೂ ಚುಚ್ಚದೆ ಡಿಜಿಟಲ್‌ರೈಟ್ ಹೈ ಮಾಡಿದಾಗಲೂ 5 ವೋಲ್ಟ್ ಹತ್ತಿರ ಬಾರದಿದ್ದರೆ ಮಾತ್ರ ಸುಟ್ಟಿದೆ ಅನ್ನಿ. ಮೋಟಾರನ್ನು ನೇರ ಪಿನ್ನಿಗೆ ಕೊಟ್ಟವರಿಗೆ ಹಾಗಾಗುವುದುಂಟು. ಒಂದು ಪಿನ್ನಿನ ಕೊನೆಯ ಮಿತಿಯೇ 40 ಮಿಲಿಆಂಪ್, 20 ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು.

ಪಿನ್ ಸರಿ ಇದ್ದರೆ ಫ್ಯಾನ್ ವಯರನ್ನು 3 ಅಥವಾ 11ಕ್ಕೆ ಬದಲಿಸಿ, ಪ್ರೋಗ್ರಾಮಿನಲ್ಲೂ ಅಂಕೆ ತಿದ್ದಿ. ಕೆಲಸ ಮುಗಿಯಿತು. ಬಜರಿಗೆ ಟೋನ್ (ಸದ್ದು ಹೊರಡಿಸುವ ಆದೇಶ) ಬಳಸುತ್ತಿದ್ದರೆ ಮಾತ್ರ ಆ ಎರಡು ಬೇಡ, ಅದು ಟೈಮರ್ 2ನ್ನು ತಗೊಳ್ಳುತ್ತದೆ. ಆಗ 5ಕ್ಕೆ ಹಾಕಿ.

ಇಎಸ್‌ಪಿ32 ಒಳ್ಳೆಯ ಬೋರ್ಡೇ. ಆದರೆ ಅದರ ಪಿನ್ನಿನಲ್ಲಿ ಬರುವುದು 3.3 ವೋಲ್ಟ್. ನಿಮ್ಮಲ್ಲಿರುವುದು ಐಆರ್‌ಎಫ್540ನಂಥ ಮಾಸ್‌ಫೆಟ್ ಆದರೆ ಅಷ್ಟಕ್ಕೆ ಪೂರ್ತಿ ತೆರೆಯುವುದಿಲ್ಲ, ಮತ್ತೆ ಹೊಸ ತಲೆನೋವು. ಇದ್ದ ಸಮಸ್ಯೆ ಯಾಕೆ ಬಂತು ಅಂತ ಗೊತ್ತಾಗದೆ ಬೋರ್ಡ್ ಬದಲಿಸಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೀಟರಿನಲ್ಲಿ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಜೊತೆಗೆ ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಯಾವ ಯಾವ ಲೈಬ್ರರಿ ಸೇರಿಸಿದ್ದೀರಿ ಅಂತಲೂ ಹೇಳಿ.