ಮನೆಯಲ್ಲಿ ಪ್ರಿಂಟ್ ಮಾಡಿದ ಕೂಪನ್ ಬೇಡ ಅನ್ನುವ ಅಮೆರಿಕದ ಅಂಗಡಿಗಳ ಮೇಲೆ ಎಲ್ಲಿ ದೂರು ಕೊಡಬೇಕು?

ನಕಲು ಮಾಡದ ಪ್ರಿಂಟನ್ನೂ ಅಂಗಡಿಯವರು ತಗೊಳ್ಳುತ್ತಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ 2013ರ ನ್ಯೂಜೆರ್ಸಿ ನೆನಪಾಯಿತು. ಕೌಂಟರಿನಲ್ಲಿ ಕೂಪನ್ ವಾಪಸ್ ಕೊಟ್ಟಾಗ ಹಿಂದೆ ನಿಂತವರ ಮುಖ ನೋಡಲಾಗದ ಸಂಕಟ ನನಗೆ ಚೆನ್ನಾಗಿ ಗೊತ್ತು.

ಆಗ ನಾನು ಎಚ್-4 ವೀಸಾದಲ್ಲಿದ್ದೆ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾ. ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮಗಳಿಗೆ ಆರು ತಿಂಗಳು. ನಮ್ಮನೆಯವರ ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟಿ, ಊರಿಗೂ ಕಳಿಸಬೇಕಿತ್ತು. ಉಳಿಸಿದ ಒಂದೊಂದು ಡಾಲರೂ ನನ್ನ ದುಡಿಮೆ ಅನ್ನಿಸುತ್ತಿತ್ತು. ಮಗು ಮಲಗಿದ ಮೇಲೆ ಕೂಪನ್ ಹುಡುಕುತ್ತಾ ಕೂರುತ್ತಿದ್ದೆ. ಒಂದು ದಿನ ಡೈಪರಿಗೆ 2 ಡಾಲರ್ ಕಡಿಮೆ ಮಾಡುವ ಕೂಪನ್ ಸಿಕ್ಕಿತು. ಒಂದು ಕಂಪ್ಯೂಟರಿನಿಂದ ಎರಡೇ ಪ್ರಿಂಟ್ ಬರುತ್ತಿತ್ತು. ಒಂದನ್ನು ಬಳಸಿದೆ.

ತಪ್ಪು ಮಾಡಿದ್ದು ಆಮೇಲೆ. ಇನ್ನೊಂದನ್ನು ಲೈಬ್ರರಿಗೆ ತಗೊಂಡು ಹೋಗಿ ಐದು ಜೆರಾಕ್ಸ್ ತೆಗೆದೆ. ರೇಷನ್ ಕಾರ್ಡಿಂದ ಹಿಡಿದು ಮಾರ್ಕ್ಸ್ ಕಾರ್ಡಿನವರೆಗೆ ಎಲ್ಲದಕ್ಕೂ ಜೆರಾಕ್ಸ್ ಕೊಟ್ಟು ಬೆಳೆದವಳು ನಾನು. ಕೂಪನ್ ಅಂದರೆ ಜಾಹೀರಾತಿನ ಚೀಟಿ, ಎಷ್ಟಿದ್ದರೇನು ಅಂದುಕೊಂಡೆ. ಆದರೆ ಅದು ಚೆಕ್ ಇದ್ದ ಹಾಗೆ. ಪ್ರತಿ ಪ್ರಿಂಟಿಗೂ ಅದರದೇ ನಂಬರ್ ಇರುತ್ತದೆ. ಅಂಗಡಿಯವರು ನಮಗೆ 2 ಡಾಲರ್ ಬಿಟ್ಟು, ಆ ಚೀಟಿಯನ್ನು ಡೈಪರ್ ಕಂಪನಿಗೆ ಕಳಿಸಿ ದುಡ್ಡು ವಾಪಸ್ ಪಡೆಯುತ್ತಾರೆ. ಜೊತೆಗೆ ಅವರ ಖರ್ಚಿಗೆ ಅಂತ ಸಾಮಾನ್ಯವಾಗಿ 8 ಸೆಂಟ್ ಸಿಗುತ್ತದೆ. ಅದೇ ನಂಬರಿನ ಇನ್ನೊಂದು ಚೀಟಿ ಹೋದರೆ ಕಂಪನಿ ದುಡ್ಡು ಕೊಡಲ್ಲ. ನಷ್ಟ ಅಂಗಡಿಯವನಿಗೆ. ನಕಲು ಮಾಡಿದರೆ ನಡೆಯುವುದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ನಾನು ಓದಿರಲಿಲ್ಲ.

ಕೌಂಟರಿನ ಹುಡುಗಿ ನನ್ನ ಮೂರು ಚೀಟಿಗಳನ್ನು ಸಾಲಾಗಿ ಇಟ್ಟಳು. ಮೂಲೆಯ ನಂಬರಿನ ಮೇಲೆ ಬೆರಳಿಟ್ಟಳು. ಒಂದು, ಇನ್ನೊಂದು, ಮತ್ತೊಂದು. ಮೂರೂ ಒಂದೇ. ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಡೈಪರ್ ಅಲ್ಲೇ ಬಿಟ್ಟು ಸ್ಟ್ರಾಲರ್ ತಳ್ಳಿಕೊಂಡು ಬಂದುಬಿಟ್ಟೆ. ಆ ಅಂಗಡಿಯಲ್ಲಿ ಆಮೇಲೆ ನನ್ನ ಅಸಲಿ ಪ್ರಿಂಟ್ ಕೂಡ ತಗೊಳ್ಳಲಿಲ್ಲ.

ಅದಕ್ಕೇ ಹೇಳುತ್ತೇನೆ, ದೂರು ಕೊಡುವ ಯೋಚನೆಯೇ ತಪ್ಪು. ನೀವು ನಕಲು ಮಾಡಿಲ್ಲ ಅಂದಿದ್ದೀರಿ, ನಂಬುತ್ತೇನೆ. ಆದರೆ ಕೌಂಟರಿನಲ್ಲಿ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? ನಕಲಿ ಕೂಪನ್ ಸಣ್ಣ ವಿಷಯ ಅಲ್ಲ. 2021ರಲ್ಲಿ ವರ್ಜೀನಿಯಾದ ಒಬ್ಬ ಮಹಿಳೆಗೆ ಇದೇ ಕೇಸಿನಲ್ಲಿ 12 ವರ್ಷ ಜೈಲಾಯಿತು. ನಷ್ಟ 3 ಕೋಟಿ ಡಾಲರಿಗೂ ಜಾಸ್ತಿ. ಅಂಗಡಿಯವರು ಹೆದರುವುದರಲ್ಲಿ ಅರ್ಥ ಇದೆ ಅಲ್ವಾ?

ಅಷ್ಟಾಗಿಯೂ ಪ್ರಿಂಟೇ ಬೇಕು ಅಂದರೆ, ಕಾರ್ಟ್ ತುಂಬಿಸುವ ಮೊದಲೇ ಸರ್ವಿಸ್ ಡೆಸ್ಕಿನಲ್ಲಿ ಕೇಳಿ. ಅಂಗಡಿಯ ಕೂಪನ್ ನಿಯಮ ಅವರ ವೆಬ್‌ಸೈಟಿನಲ್ಲೇ ಇರುತ್ತದೆ, ಫೋನಿನಲ್ಲಿ ತೋರಿಸಿ. ಬೇಡ ಅಂದರೆ ಬೇರೆ ಅಂಗಡಿಗೆ ಹೋಗಿ. ವಸ್ತುವನ್ನೇ ಪುಕ್ಕಟೆ ಕೊಡುವ ಕೂಪನ್ನನ್ನಂತೂ ಪ್ರಿಂಟ್ ಮಾಡಬೇಡಿ, ಎಷ್ಟೋ ಕಡೆ ಮುಟ್ಟುವುದೇ ಇಲ್ಲ.

ನನ್ನನ್ನು ಕೇಳಿದರೆ ಕಾಗದವನ್ನೇ ಬಿಡಿ. ಅಂಗಡಿಯ ಆ್ಯಪಿನಲ್ಲಿ ಕೂಪನ್ ಮೊದಲೇ ಆರಿಸಿಟ್ಟು, ಬಿಲ್ ಮಾಡುವಾಗ ಫೋನ್ ನಂಬರ್ ಹೇಳಿದರೆ ಸಾಕು, ತಾನಾಗೇ ಕಡಿಮೆಯಾಗುತ್ತದೆ. ನಮ್ಮನೆ ಪ್ರಿಂಟರಿನಲ್ಲಿ ಈಗ ಬರುವುದು ಮಗಳ ಸ್ಕೂಲ್ ಪ್ರಾಜೆಕ್ಟ್ ಮಾತ್ರ.