ಫ್ರೆಂಚಿನಲ್ಲಿ ನೋವನ್ನೂ ‘ಕಿವುಡು’ ಎನ್ನುವುದೇಕೆ?

ಕಿವುಡರನ್ನು ಸೂಚಿಸುವ ‘ಸೂರ್’ ಎಂಬ ಫ್ರೆಂಚ್ ಪದವನ್ನು ನೋವಿಗೂ ವ್ಯಂಜನಕ್ಕೂ ಏಕೆ ಬಳಸುತ್ತಾರೆ ಎಂದು ನೀವು ಕೇಳಿದ್ದೀರಿ. ಇದಕ್ಕೆ ಉತ್ತರ ಅದರ ಮೂಲವಾದ ಲ್ಯಾಟಿನ್ನಿನ ‘ಸುರ್ದುಸ್’ ಪದದಲ್ಲಿದೆ. ಇಟಾಲಿಯನ್ ಮತ್ತು ಸ್ಪ್ಯಾನಿಷ್ ಭಾಷೆಗಳ ‘ಸೋರ್ದೊ’, ರೊಮೇನಿಯನ್ನಿನ ‘ಸುರ್ದ್’ ಕೂಡ ಅದರಿಂದಲೇ ಬಂದವು.

ಲ್ಯಾಟಿನ್ನಿನಲ್ಲಿ ಈ ಪದ ಕಿವಿ ಕೇಳಿಸದವನಿಗೆ ಮಾತ್ರವಲ್ಲದೆ, ಇತರರ ಕಿವಿಗೆ ಬೀಳದ ಸಂಗತಿಗೂ ಸಲ್ಲುತ್ತಿತ್ತು. ರೋಮಿನ ವಿಡಂಬನಕಾರ ಜುವೆನಾಲ್ ತನ್ನ 13ನೆಯ ವಿಡಂಬನೆಯಲ್ಲಿ, ತಪ್ಪು ಮಾಡಿದವನನ್ನು ಅವನ ಮನಸ್ಸೇ ‘ಸುರ್ದುಸ್’ ಆದ ಏಟಿನಿಂದ, ಅಂದರೆ ಸದ್ದು ಕೇಳಿಸದ ಚಾಟಿಯಿಂದ, ಹೊಡೆಯುತ್ತದೆ ಎನ್ನುತ್ತಾನೆ. ಫ್ರೆಂಚರು ತೀಕ್ಷ್ಣವಾಗಿ ಇರಿಯದೆ ಒಳಗೊಳಗೇ ಕಾಡುವ ನೋವನ್ನು ‘ದುಲರ್ ಸೂರ್ದ್’ ಎಂದು ಕರೆಯುವುದು ಇದೇ ಜಾಡಿನಲ್ಲಿ. ಗಂಟಲಿನ ನಾದವಿಲ್ಲದೆ ಉಚ್ಚರಿಸುವ, ನಾವು ಅಘೋಷವೆನ್ನುವ ಕ, ತ, ಪಗಳು ಅವರಿಗೆ ‘ಸೂರ್ದ್’ ವ್ಯಂಜನಗಳು. ಬೆಳಕನ್ನು ಬೇಕೆಂದಾಗ ಮರೆಮಾಡಬಹುದಾದ ಹಳೆಯ ಕಾಲದ ಲಾಂದ್ರಕ್ಕೂ ಅದೇ ವಿಶೇಷಣ. ವಯಲಿನ್ನಿನ ನಾದವನ್ನು ತಗ್ಗಿಸುವ ಸಾಧನ ‘ಸೂರ್ದೀನ್’ ಆದರೆ ಇಟಾಲಿಯನ್ನಿನ ‘ಸೊರ್ದೀನಾ’ದ ಮೂಲಕ ಬಂದದ್ದು.

ಗಣಿತದ ಕಥೆ ನನಗೆ ಇನ್ನೂ ಸ್ವಾರಸ್ಯಕರವಾಗಿ ಕಾಣುತ್ತದೆ. ಗ್ರೀಕರು ಅಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಅನುಪಾತವಾಗಿ ಹೇಳಲಾಗದ, ಪರಿಮಾಣಗಳನ್ನು ‘ಅಲೊಗೊಸ್’ ಎಂದರು. ಆ ಪದಕ್ಕೆ ‘ಅನುಪಾತವಿಲ್ಲದ್ದು’, ‘ಮಾತಿಲ್ಲದ್ದು’ ಎಂಬ ಎರಡೂ ಅರ್ಥಗಳುಂಟು. ಅರಬ್ಬಿ ಗಣಿತಜ್ಞರು ಅದಕ್ಕೆ ಕಿವುಡು ಎಂಬರ್ಥದ ‘ಅಸಮ್ಮ್’ ಪದವನ್ನು ಬಳಸಿದರು. 12ನೆಯ ಶತಮಾನದಲ್ಲಿ ಅರಬ್ಬಿ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ ಅನುವಾದಕರ ಕೈಯಲ್ಲಿ ಅದು ‘ಸುರ್ದುಸ್’ ಆಯಿತು. √2ರಂಥ ಮೂಲಗಳನ್ನು ನಮ್ಮ ಶಾಲೆಯ ಪುಸ್ತಕಗಳು ಕರಣಿ ಎನ್ನುತ್ತವೆ; ಅದನ್ನು ಇಂಗ್ಲಿಷಿನಲ್ಲಿ ‘ಸರ್ಡ್’ ಎನ್ನುವುದು ಹೀಗೆ. ಅಸಂಬದ್ಧ ಎಂಬರ್ಥದ ಇಂಗ್ಲಿಷಿನ ‘ಅಬ್ಸರ್ಡ್’ ಪದದ ಮೂಲವಾದ ಲ್ಯಾಟಿನ್ ರೂಪಕ್ಕೂ ಮೊದಲು ಶ್ರುತಿ ತಪ್ಪಿದ್ದು ಎಂಬ ಅರ್ಥವಿತ್ತು.

ಒಂದು ಎಚ್ಚರಿಕೆ: ‘ಸೂರ್ಸ್’, ಅಂದರೆ ನೀರಿನ ಚಿಲುಮೆ, ಈ ಕುಟುಂಬಕ್ಕೆ ಸೇರಿದ್ದಲ್ಲ, ಅದು ಮೇಲೇಳು ಎಂಬರ್ಥದ ‘ಸುರ್ಗೆರೆ’ ಧಾತುವಿನದು.

ಬಳಕೆಯ ವಿಷಯದಲ್ಲಿ, ಕಿವುಡರನ್ನು ಮೂಗರೆಂದೂ ಸೇರಿಸಿ ಹೇಳುವ ‘ಸೂರ್-ಮ್ಯುಯೆ’ ಎಂಬ ಹಳೆಯ ಜೋಡುಪದವನ್ನು ನೀವು ಬಳಸದಿರುವುದೇ ಸರಿ, ಏಕೆಂದರೆ ಫ್ರಾನ್ಸಿನ ಅನೇಕ ಕಿವುಡರು ಅದನ್ನು ಒಪ್ಪುವುದಿಲ್ಲ. ಅವರಿಗೆ ತಮ್ಮದೇ ಸಂಜ್ಞಾಭಾಷೆಯಿದ್ದು, 2005ರ ಕಾನೂನು ಅದನ್ನು ಪೂರ್ಣಪ್ರಮಾಣದ ಭಾಷೆಯೆಂದು ಮಾನ್ಯಮಾಡಿದೆ. ಆ ಭಾಷಿಕ ಸಮುದಾಯಕ್ಕೆ ಸೇರಿದವರೆಂದು ಗುರುತಿಸಿಕೊಳ್ಳುವವರಲ್ಲಿ ಹಲವರು ‘ಸೂರ್’ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ.